ತಿಂಗಳಿಗೊಂದು ಭಾನುವಾರ, ಎರಡು ಗಂಟೆ, ಹತ್ತು ಕಿಲೋಮೀಟರ್ ರಸ್ತೆ: ಶಿವಮೊಗ್ಗ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಹಾಗೂ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಮಳೆ ಹಿಂದಾದ ಮೇಲೆ, ಅಕ್ಟೋಬರ್ ಕೊನೆಯಿಂದ ಫೆಬ್ರುವರಿಯವರೆಗೆ, ತಿಂಗಳಿಗೊಂದು ಭಾನುವಾರ ಬೆಳಗ್ಗೆ ಏಳರಿಂದ ಒಂಬತ್ತು ಗಂಟೆಯ ತನಕ ಈ ಜಿಲ್ಲೆಯ ಯಾವುದಾದರೂ ಒಂದು ರಸ್ತೆಯ ಹತ್ತು ಕಿಲೋಮೀಟರನ್ನು ಸೈಕಲ್ ರೇಸಿಗೆ ಬಿಟ್ಟುಕೊಡಿ. ಕ್ರೀಡಾಂಗಣ ಕೇಳುತ್ತಿಲ್ಲ. ಸೈಕಲ್ ರೇಸಿಗೆಂದೇ ಕಟ್ಟುವ, ಕೋಟಿಗಟ್ಟಲೆ ಖರ್ಚಿನ ವೆಲೋಡ್ರೋಮ್ ಕೇಳುತ್ತಿಲ್ಲ. ಬೇಕಾದ್ದು ಎರಡು ಗಂಟೆಯ ರಸ್ತೆ, ನಾಲ್ಕಾರು ಪೊಲೀಸರು, ಒಂದು ಆಂಬುಲೆನ್ಸ್ ಮತ್ತು ನಿಮ್ಮ ಸಹಿ ಇರುವ ಒಂದು ಅನುಮತಿ ಪತ್ರ.

ನಾನು ಹೊಸನಗರ ತಾಲ್ಲೂಕಿನ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ನಿವೃತ್ತನಾದವನು. ಕಬಡ್ಡಿ, ಕೊಕ್ಕೊ, ವಾಲಿಬಾಲ್, ಓಟ, ಎಸೆತ ಯಾವುದೇ ಇರಲಿ, ಹಳ್ಳಿಯ ಹುಡುಗನೊಬ್ಬನಿಗೆ ಏರಲು ಮೆಟ್ಟಿಲುಗಳಿವೆ. ವಲಯ ಮಟ್ಟದಲ್ಲಿ ಗೆದ್ದರೆ ತಾಲ್ಲೂಕು, ಅಲ್ಲಿ ಗೆದ್ದರೆ ಜಿಲ್ಲೆ, ಆಮೇಲೆ ವಿಭಾಗ. ಸೈಕಲ್ಲಿಗೆ ಮಾತ್ರ ನಮ್ಮಲ್ಲಿ ಮೊದಲ ಮೆಟ್ಟಿಲೇ ಇಲ್ಲ. ಆದರೆ ಮಲೆನಾಡಿನ ಮಕ್ಕಳಷ್ಟು ಸೈಕಲ್ ತುಳಿದವರು ಯಾರಿದ್ದಾರೆ? 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರುಮಾಡಿತು. ಆಗ ಹಣಕಾಸು ಖಾತೆ ಹೊತ್ತಿದ್ದವರು ನಮ್ಮ ಜಿಲ್ಲೆಯವರೇ ಆದ ಬಿ.ಎಸ್. ಯಡಿಯೂರಪ್ಪನವರು. ಆ ಸೈಕಲ್ಲುಗಳು ನಮ್ಮ ಕಡೆ ಸವೆದದ್ದು ಸಪಾಟು ರಸ್ತೆಯಲ್ಲಲ್ಲ. ಬೆನ್ನಿಗೆ ಪಾಟಿಚೀಲ, ಹಿಂದಿನ ಕ್ಯಾರಿಯರ್ ಮೇಲೆ ತಂಗಿ, ಗೇರಿಲ್ಲದ ಸೈಕಲ್ಲು, ಶಾಲೆಯವರೆಗೂ ಏರು ಇಳಿವು. ಆ ಕಾಲುಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. 1500 ಮೀಟರ್ ಓಟಕ್ಕೆ ಹೆಸರು ಕೊಟ್ಟು ಬಹುಮಾನ ತರುತ್ತಿದ್ದ ಮಕ್ಕಳಲ್ಲಿ ಎಷ್ಟೋ ಜನ ಹೀಗೆ ಸೈಕಲ್ ತುಳಿದು ಬರುವವರೇ. ಹತ್ತನೇ ತರಗತಿ ಮುಗಿದ ಮೇಲೆ ಸೈಕಲ್ಲು ಕೊಟ್ಟಿಗೆ ಸೇರುತ್ತಿತ್ತು, ಹುಡುಗ ಬೈಕಿಗೆ ದುಡ್ಡು ಕೂಡಿಡಲು ಶುರುಮಾಡುತ್ತಿದ್ದ. ಇದು ನನ್ನನ್ನು ಇಂದಿಗೂ ಕಾಡುತ್ತದೆ.

ರಾಜ್ಯದಲ್ಲಿ ಸೈಕಲ್ ರೇಸು ಬೆಳೆದದ್ದು ಮುಖ್ಯವಾಗಿ ಎರಡು ಕಡೆ. ಒಂದು ವಿಜಯಪುರ, ಬಾಗಲಕೋಟೆ. ಅಲ್ಲಿ ಕ್ರೀಡಾ ಇಲಾಖೆಯದೇ ಸೈಕ್ಲಿಂಗ್ ವಸತಿ ನಿಲಯಗಳಿವೆ. ಹಳ್ಳಿಯ ಬಡ ಮನೆಯ ಮಕ್ಕಳು ಅಲ್ಲಿಂದ ರಾಷ್ಟ್ರ ಮಟ್ಟಕ್ಕೆ ಹೋಗಿ ಪದಕ ತಂದಿದ್ದಾರೆ. ಇನ್ನೊಂದು ಬೆಂಗಳೂರು. ಅಲ್ಲಿ ಇದನ್ನು ಬೆಳೆಸಿದವರು ನೌಕರಿ ಮಾಡುತ್ತಲೇ ರೇಸು ಓಡಿಸುವ ಹವ್ಯಾಸಿಗಳು. ತಾವೇ ದುಡ್ಡು ಹಾಕಿ, ತಾವೇ ಬಾವುಟ ಹಿಡಿದು ನಿಂತು ರೇಸು ನಡೆಸಿದರು. ಒಬ್ಬೊಬ್ಬರಾಗಿ ಗಡಿಯಾರದ ಎದುರು ತುಳಿಯುವ ಟೈಮ್ ಟ್ರಯಲ್‌ನಲ್ಲಿ ಹಲವು ಸಲ ರಾಷ್ಟ್ರೀಯ ಚಾಂಪಿಯನ್ ಆದ ನವೀನ್ ಜಾನ್ ಕೂಡ ಕ್ರೀಡಾ ವಸತಿ ನಿಲಯದಿಂದ ಬಂದವರಲ್ಲ, ಓದಿದ್ದು ಎಂಜಿನಿಯರಿಂಗ್. ಅಂದರೆ ಇಲಾಖೆ ಮನಸ್ಸು ಮಾಡಿದರೂ ಈ ಆಟ ಬೆಳೆಯುತ್ತದೆ, ಜನ ಮನಸ್ಸು ಮಾಡಿದರೂ ಬೆಳೆಯುತ್ತದೆ. ಮಲೆನಾಡಿನಲ್ಲಿ ಜನ ತಯಾರಿದ್ದಾರೆ. ರಸ್ತೆ ಮಾತ್ರ ಜನರ ಕೈಯಲ್ಲಿಲ್ಲ. ಅದಕ್ಕೇ ಈ ಪತ್ರ.

ಭಾನುವಾರ ಬೆಳಗ್ಗೆ ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರಿನ ಕಡೆ ಹೋಗಿ ನೋಡಿ. ಹೆಲ್ಮೆಟ್ ಹಾಕಿದ ಸೈಕಲ್ ಸವಾರರು ಸಕ್ರೆಬೈಲು ದಾಟಿ ಮಂಡಗದ್ದೆವರೆಗೂ ಸಾಲಾಗಿ ಹೋಗುತ್ತಿರುತ್ತಾರೆ. ವೈದ್ಯರು, ಬ್ಯಾಂಕಿನವರು, ಅಂಗಡಿಯವರು, ಕಾಲೇಜು ಹುಡುಗರು. ಅವರಲ್ಲಿ ಕೆಲವರು ಬ್ರೆವೆ ಎನ್ನುವ ದೂರದ ಸವಾರಿಗೂ ಹೋಗುತ್ತಾರೆ. ಇನ್ನೂರು ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, ಮುನ್ನೂರನ್ನು ಇಪ್ಪತ್ತು ಗಂಟೆಯಲ್ಲಿ, ಆರುನೂರನ್ನು ನಲವತ್ತು ಗಂಟೆಯಲ್ಲಿ ಮುಗಿಸಬೇಕು. ಅದು ರೇಸಲ್ಲ. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಅಲ್ಲಿ ಒಂದೇ ಮರ್ಯಾದೆ, ಅದೇ ಅದರ ಸೊಗಸು. ಅದನ್ನು ನಾನು ಗೌರವಿಸುತ್ತೇನೆ. ಆದರೆ ಹದಿನಾರರ ಹುಡುಗಿಗೆ ತಾನೆಷ್ಟು ವೇಗ ಎಂದು ಗೊತ್ತಾಗಬೇಕು, ಗೆಲ್ಲಬೇಕು, ಸೋತು ಮುಂದಿನ ತಿಂಗಳು ಮತ್ತೆ ಬರಬೇಕು. ಅವಳಿಗೆ ಬೇಕಾದ್ದು ರೇಸು. ಈಗ ಅದಕ್ಕಾಗಿ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಸೈಕಲ್ ಮಲಗಿಸಿಕೊಂಡು ಬೆಂಗಳೂರಿಗೆ ಹೋಗಬೇಕು. ಲಗೇಜಿನ ದುಡ್ಡು, ಉಳಿಯುವ ಖರ್ಚು, ಜೊತೆಗೆ ಹೋಗುವ ಅಪ್ಪನ ಎರಡು ದಿನದ ಕೂಲಿ. ಎಷ್ಟು ಮನೆಗಳಿಗೆ ಇದು ಸಾಧ್ಯ?

ನಾವು ಕೇಳುತ್ತಿರುವ ರೇಸು ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೈಕಲ್ ರೇಸು ಎಂದ ಕೂಡಲೇ ಕಚೇರಿಗಳಲ್ಲಿ ಜನರ ಕಣ್ಣ ಮುಂದೆ ಬರುವುದು ನೂರು ಜನ ಒಟ್ಟಿಗೆ ನುಗ್ಗುವ ಚಿತ್ರ. ಗಾಬರಿಯಾಗುವುದು ಸಹಜ.

ನಾವು ಕೇಳುವುದು ಟೈಮ್ ಟ್ರಯಲ್. ಇದರಲ್ಲಿ ಸವಾರರು ಒಬ್ಬೊಬ್ಬರಾಗಿ, ಒಂದೊಂದು ನಿಮಿಷದ ಅಂತರದಲ್ಲಿ ಹೊರಡುತ್ತಾರೆ. ಹತ್ತು ಕಿಲೋಮೀಟರ್ ಹೋಗಿ, ತಿರುಗಿ, ಅದೇ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ವಾಪಸು. ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗುವಂತಿಲ್ಲ. ಪರೀಕ್ಷೆಯ ಹಾಲಿನಲ್ಲಿ ಕೂತಂತೆ, ಪಕ್ಕದವರ ಹಾಳೆ ನೋಡದೆ ನಿಮ್ಮದನ್ನು ನೀವೇ ಬರೆಯಬೇಕು. ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದಂತೆ. ಲೆಕ್ಕ ಹಾಕಿ: ಏಳಕ್ಕೆ ಮೊದಲ ಸವಾರ ಹೊರಟರೆ, ಅರವತ್ತು ಜನರಿದ್ದರೂ ಎಂಟಕ್ಕೆ ಎಲ್ಲರೂ ಹೊರಟಾಗಿರುತ್ತದೆ. ಗೇರಿಲ್ಲದ ಸಾಮಾನ್ಯ ಸೈಕಲ್ಲಿನವರನ್ನು ಮೊದಲು ಬಿಡುತ್ತೇವೆ. ಅವರಿಗೆ ಇಪ್ಪತ್ತು ಕಿಲೋಮೀಟರ್‌ಗೆ ಒಂದು ಗಂಟೆ, ತಪ್ಪಿದರೆ ಒಂದು ಕಾಲು ಗಂಟೆ ಹಿಡಿದೀತು. ಕೊನೆಗೆ ಹೊರಡುವ ವೇಗದ ಸವಾರರು ಮೂವತ್ತೈದು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ. ಒಂಬತ್ತಕ್ಕೆ ಮೊದಲೇ ರಸ್ತೆ ಖಾಲಿ. ರಸ್ತೆಯ ಯಾವ ಜಾಗದಲ್ಲೂ ಗುಂಪು ಕಟ್ಟುವುದಿಲ್ಲ, ಎಲ್ಲರೂ ಎಡಬದಿಯಲ್ಲೇ ಇರುತ್ತಾರೆ. ಹೊಸಬರಿಗೆ ಇದಕ್ಕಿಂತ ಸುರಕ್ಷಿತವಾದ ರಸ್ತೆ ರೇಸು ಇಲ್ಲ.

ಗುಂಪು ರೇಸನ್ನು ನಾವೇ ಈಗ ಬೇಡ ಎನ್ನುತ್ತಿದ್ದೇವೆ. ಅದಕ್ಕೆ ಕಾರಣ ಇದೆ. ಸಪಾಟು ರಸ್ತೆಯಲ್ಲಿ ವೇಗವಾಗಿ ಹೋಗುವ ಸವಾರನ ಬಲದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಇನ್ನೊಬ್ಬರ ಹಿಂದಿನ ಚಕ್ರಕ್ಕೆ ಹತ್ತಿರವಾಗಿ ಹೋದರೆ ಹೆಚ್ಚು ಕಡಿಮೆ ಕಾಲು ಭಾಗದಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು, ಶ್ರಮ ಉಳಿಯುತ್ತದೆ. ಹಾಗಾಗಿ ಗುಂಪಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಅಂಟಿಕೊಳ್ಳುತ್ತಾರೆ. ಮುಂದಿನವರ ಹಿಂಚಕ್ರಕ್ಕೆ ನಮ್ಮ ಮುಂಚಕ್ರ ತಗಲಿದರೆ ಬೀಳುವುದು ನಾವು, ನಮ್ಮ ಮೇಲೆ ಹಿಂದಿನ ಹತ್ತು ಜನ. ಗೆರೆ ತಪ್ಪದೆ ತುಳಿಯುವುದು, ಏಕಾಏಕಿ ಬ್ರೇಕ್ ಒತ್ತದಿರುವುದು, ಗುಂಡಿ ಬಂದರೆ ಕೈ ತೋರಿಸಿ ಹಿಂದಿನವರಿಗೆ ಹೇಳುವುದು, ಮುಂದೆ ಎಳೆದು ದಣಿದವರು ಪಕ್ಕಕ್ಕೆ ಸರಿದು ಹಿಂದಕ್ಕೆ ಬರುವುದು, ಇವೆಲ್ಲ ತಿಂಗಳುಗಟ್ಟಲೆ ಕಲಿಯಬೇಕಾದ ವಿದ್ಯೆ. ಟೈಮ್ ಟ್ರಯಲ್ ಒಂದೆರಡು ವರ್ಷ ನಡೆದು, ಅಭ್ಯಾಸ ಆದ ಮೇಲೆ ಆ ಮಾತು ಆಡೋಣ.

ಯಾವ ರಸ್ತೆ ಎನ್ನುವುದು ನಿಮ್ಮ ತೀರ್ಮಾನ. ನಮ್ಮ ಸಲಹೆ, ಆಯನೂರು ಪೇಟೆ ದಾಟಿದ ಮೇಲೆ ರಿಪ್ಪನ್‌ಪೇಟೆ ಕಡೆ ಹೋಗುವ ರಸ್ತೆ. ಸಾಗರದ ಹೆದ್ದಾರಿಯಾಗಲಿ ತೀರ್ಥಹಳ್ಳಿ ಹೆದ್ದಾರಿಯಾಗಲಿ ಬೇಡ, ಅಲ್ಲಿನ ಲಾರಿ, ಬಸ್ಸು ಎರಡು ಗಂಟೆ ನಿಂತರೆ ಇಡೀ ಜಿಲ್ಲೆಗೆ ತೊಂದರೆ. ರಿಪ್ಪನ್‌ಪೇಟೆ ರಸ್ತೆಯಲ್ಲಿ ಭಾನುವಾರ ಬೆಳಗ್ಗೆ ಓಡಾಟ ಕಡಿಮೆ, ಕಾಡಿನ ನೆರಳಿದೆ, ಸಣ್ಣ ಏರಿಳಿತಗಳಿವೆ, ನಗರದಿಂದ ಸವಾರರು ಸೈಕಲ್ಲಿನಲ್ಲೇ ಬರಬಹುದು, ಹೊಸನಗರ ಕಡೆಯ ಹಳ್ಳಿ ಮಕ್ಕಳಿಗೂ ಹತ್ತಿರ. ಅಪಘಾತವಾದರೆ ಮೆಗ್ಗಾನ್ ಆಸ್ಪತ್ರೆಗೆ ಅರ್ಧ ಗಂಟೆಯ ಆಸುಪಾಸಿನ ದಾರಿ. ಬಸ್ಸುಗಳನ್ನು ತಡೆಯಿರಿ ಎಂದು ನಾವು ಕೇಳುವುದಿಲ್ಲ. ಬೆಳಗಿನ ಬಸ್ಸು ತಪ್ಪಿದರೆ ಆಸ್ಪತ್ರೆಗೋ ಮದುವೆಗೋ ಹೊರಟವರಿಗೆ ಏನು ಗತಿ ಎಂದು ಹಳ್ಳಿಯಲ್ಲಿ ಬದುಕಿದವನಾಗಿ ನನಗೆ ಗೊತ್ತು. ಬಸ್ಸುಗಳು ಮುಂದೊಂದು ಬೈಕಿನ ಬೆಂಗಾವಲಿನಲ್ಲಿ ನಿಧಾನವಾಗಿ ಹೋಗಲಿ. ಮರ, ಜಲ್ಲಿ, ಮರಳಿನ ಲಾರಿಗಳು ಮಾತ್ರ ಎರಡು ಗಂಟೆ ಎರಡೂ ಕಡೆ ನಿಲ್ಲಲಿ. ಏಳಕ್ಕೆ ಮೊದಲು ಶುರು ಮಾಡುವುದು ಬೇಡ, ಚಳಿಗಾಲದಲ್ಲಿ ಇಲ್ಲಿ ಬೆಳಕು ಹರಿಯುವುದೇ ತಡ, ಮಂಜೂ ಇರುತ್ತದೆ, ಕಾಡಿನ ಪ್ರಾಣಿಗಳು ರಸ್ತೆ ದಾಟುವ ಹೊತ್ತೂ ಅದೇ.

ರಸ್ತೆ ಹೇಗಿರಬೇಕು ಎನ್ನುವ ಬಗ್ಗೆ ಲೋಕೋಪಯೋಗಿ ಇಲಾಖೆಯವರಲ್ಲೂ ನಾಲ್ಕು ಮಾತು. ಕಾರಿನ ಟೈರಿಗೆ ಗೊತ್ತಾಗದ ಸಂಗತಿ ರೇಸಿನ ಸೈಕಲ್ಲಿನ ಎರಡೂವರೆ ಸೆಂಟಿಮೀಟರ್ ಅಗಲದ ಟೈರಿಗೆ ಗೊತ್ತಾಗುತ್ತದೆ. ನಮ್ಮಲ್ಲಿ ಬಣ್ಣ ಬಳಿಯದೆ ಬಿಟ್ಟ ಹಂಪುಗಳು ಬಹಳ. ಮರದ ನೆರಳಿನಲ್ಲಿ ಕಪ್ಪು ರಸ್ತೆಯ ಮೇಲಿನ ಕಪ್ಪು ಹಂಪು ಹತ್ತಿರ ಬರುವವರೆಗೆ ಕಾಣಿಸುವುದೇ ಇಲ್ಲ. ಅವಕ್ಕೆ ಬಿಳಿ ಬಣ್ಣ ಬಳಿಯಿರಿ, ಇದರಿಂದ ಬೈಕಿನವರ ಜೀವವೂ ಉಳಿಯುತ್ತದೆ. ಮಳೆಗಾಲ ಕಳೆದ ಮೇಲೂ ದರೆಯ ನೀರು ಜಿನುಗುವ ಕಡೆ ರಸ್ತೆಯ ಅಂಚಿನಲ್ಲಿ ಪಾಚಿ ಉಳಿದಿರುತ್ತದೆ. ತಿರುವುಗಳಲ್ಲಿ ಮಳೆ ತಂದು ಸುರಿದ ಪುಡಿ ಜಲ್ಲಿ, ಒದ್ದೆ ತರಗೆಲೆ. ಟಾರು ಮುಗಿದಲ್ಲಿಂದ ಮಣ್ಣಿಗೆ ಗೇಣುದ್ದದ ಇಳಿತ, ಲಾರಿ ಹಾರ್ನ್ ಮಾಡಿತೆಂದು ಸೈಕಲ್ಲಿನವನು ಕೆಳಗಿಳಿದರೆ ಮುಗ್ಗರಿಸುವುದೇ. ಕೊಯ್ಲಿನ ಕಾಲದಲ್ಲಿ ರಸ್ತೆಯ ಮೇಲೆ ಒಕ್ಕಣೆ ನಡೆಯುತ್ತದೆ, ಅಡಿಕೆ ಒಣಹಾಕಿರುತ್ತಾರೆ. ರೈತರಿಗೆ ಬೇರೆ ಕಣ ಇಲ್ಲದ್ದರಿಂದ ಹಾಗೆ ಮಾಡುತ್ತಾರೆ, ಅವರ ಮೇಲೆ ದೂರು ಬೇಡ. ಹಿಂದಿನ ದಿನವೇ ನಾವು ಮನೆಮನೆಗೆ ಹೋಗಿ ಕೈಮುಗಿದು ಕೇಳಿಕೊಳ್ಳುತ್ತೇವೆ. ನಾಯಿ ಕಟ್ಟಿಹಾಕಿ, ದನ ಬಿಡುವುದನ್ನು ಒಂಬತ್ತರ ಮೇಲೆ ಮಾಡಿ ಎಂದೂ ಕೇಳುತ್ತೇವೆ. ಹಿಂದಿನ ಸಂಜೆ ಕಸಪೊರಕೆ ಹಿಡಿದು ತಿರುವುಗಳನ್ನು ಗುಡಿಸುವವರೂ ನಾವೇ.

ರಸ್ತೆ ಬಿಡಿಸಿಕೊಡುವುದು ಈ ಜಿಲ್ಲೆಗೆ ಹೊಸದೂ ಅಲ್ಲ. ಶಿವಮೊಗ್ಗದ ದಸರೆಯಲ್ಲಿ ಸಕ್ರೆಬೈಲಿನ ಆನೆ ಅಂಬಾರಿ ಹೊತ್ತು ಬರುವಾಗ ನಗರದ ಮಧ್ಯದ ರಸ್ತೆಗಳನ್ನು ಗಂಟೆಗಟ್ಟಲೆ ಬಿಡಿಸುತ್ತೀರಿ. ಮಾರಿಕಾಂಬೆಯ ಜಾತ್ರೆಗೆ ಸಾಗರದ ಪೇಟೆಯೇ ದಿನಗಟ್ಟಲೆ ವಾಹನಗಳಿಗೆ ಮುಚ್ಚುತ್ತದೆ. ಗಣಪತಿ ಬಿಡುವ ದಿನ ಎಷ್ಟು ಜನರನ್ನು ನಮ್ಮ ಪೊಲೀಸರು ಅಚ್ಚುಕಟ್ಟಾಗಿ ದಾಟಿಸುತ್ತಾರೆ ಎಂದು ನೋಡಿದವರಿಗೆ ಅರವತ್ತು ಸೈಕಲ್ಲು ದೊಡ್ಡದಲ್ಲ ಎಂದು ಗೊತ್ತು. 2016ರಲ್ಲಿ ನಗರ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದಾಗಿನಿಂದ ಸೈಕಲ್ ಪಥದ ಮಾತು ಕೇಳುತ್ತಿದ್ದೇವೆ. ಪೇಟೆಯೊಳಗೆ ಸೈಕಲ್ ಪಥ ಬೇಕೇ ಬೇಕು, ಶಾಲೆಗೆ, ಕೆಲಸಕ್ಕೆ ಹೋಗುವವರಿಗಾಗಿ. ಆದರೆ ಮೂವತ್ತೈದು ಕಿಲೋಮೀಟರ್ ವೇಗದಲ್ಲಿ ಹೋಗುವ ಸವಾರ ಆ ಪಥದಲ್ಲಿ ಹೋದರೆ ವಾಕಿಂಗ್ ಬಂದ ಅಜ್ಜನಿಗೆ ಅಪಾಯ. ರೇಸಿಗೆ ಬೇಕಾದ್ದು ಊರಾಚೆಯ ರಸ್ತೆಯೇ.

ಇನ್ನೊಂದು ಆಸೆಯನ್ನೂ ಹೇಳಿಬಿಡುತ್ತೇನೆ. ಬಯಲುಸೀಮೆಯಲ್ಲಿ ಇಲ್ಲದ ಸಂಪತ್ತು ನಮ್ಮಲ್ಲಿರುವುದು ಏರು. ಘಾಟಿ ಎಂದರೆ ಎಲ್ಲರ ಬಾಯಿಗೆ ಬರುವುದು ಹದಿನಾಲ್ಕು ಹಿಮ್ಮುರಿ ತಿರುವುಗಳ ಆಗುಂಬೆ. ಆದರೆ ಅದರ ಬುಡದ ಸೋಮೇಶ್ವರ ಉಡುಪಿ ಜಿಲ್ಲೆಗೆ ಸೇರಿದ್ದು, ಸುತ್ತಲೂ ವನ್ಯಧಾಮ, ಮಂಗಳೂರು ಉಡುಪಿ ಕಡೆಯ ವಾಹನಗಳೆಲ್ಲ ಅಲ್ಲೇ. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಜಾಗ ಕುಂದಾದ್ರಿ. ಸುಮಾರು 826 ಮೀಟರ್ ಎತ್ತರದ ಬೆಟ್ಟ, ಮೇಲಿನ ಜೈನ ಬಸದಿಯ ಹತ್ತಿರದವರೆಗೂ ರಸ್ತೆ ಇದೆ, ಆ ರಸ್ತೆ ಅಲ್ಲಿಗೇ ಮುಗಿಯುತ್ತದೆ. ಬೇರೆ ಊರಿಗೆ ಹೋಗುವ ವಾಹನಗಳೇ ಅಲ್ಲಿ ಬರುವುದಿಲ್ಲ. ಸಂಕ್ರಾಂತಿಯ ಜಾತ್ರೆಯ ದಿನಗಳನ್ನು ಬಿಟ್ಟು, ವರ್ಷಕ್ಕೊಮ್ಮೆ, ಅರಣ್ಯ ಇಲಾಖೆ ಮತ್ತು ಬಸದಿಯವರ ಒಪ್ಪಿಗೆ ಪಡೆದು, ಅಲ್ಲೊಂದು ಬೆಟ್ಟದ ರೇಸು ನಡೆಯಲಿ. ರೇಸು ಏರುವುದಕ್ಕೆ ಮಾತ್ರ. ಇಳಿಯುವಾಗ ಎಲ್ಲರೂ ಒಟ್ಟಿಗೆ, ಬ್ರೇಕ್ ಹಿಡಿದು, ಮುಂದೊಂದು ವಾಹನದ ಹಿಂದೆ. ಪ್ಲಾಸ್ಟಿಕ್ ಒಂದು ಚೂರೂ ಅಲ್ಲಿ ಬಿದ್ದಿರಬಾರದು, ಅದರ ಹೊಣೆ ನಮ್ಮದು.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಒಲಿಂಪಿಕ್ಸ್‌ನಲ್ಲಿ ಗಂಡಸರ ರಸ್ತೆ ರೇಸು 1896ರ ಮೊದಲ ಕೂಟದಲ್ಲೇ ಇತ್ತು. ಹೆಂಗಸರಿಗೆ ಆ ಅವಕಾಶ ಸಿಕ್ಕಿದ್ದು 1984ರಲ್ಲಿ. ಶಿವಮೊಗ್ಗದಲ್ಲಿ ಮೊದಲ ದಿನದಿಂದಲೇ ಇಬ್ಬರಿಗೂ ಒಂದೇ ದೂರ, ಒಂದೇ ಬಹುಮಾನ ಇರಲಿ. ಹೊರಡುವ ಜಾಗದಲ್ಲಿ ಶುಚಿಯಾದ ಶೌಚಾಲಯ, ಬಟ್ಟೆ ಬದಲಿಸಲು ಒಂದು ಕೋಣೆ, ಒಬ್ಬ ಮಹಿಳಾ ಪೊಲೀಸ್ ಇರಲೇಬೇಕು. ಹತ್ತಿರದ ಶಾಲೆಯ ಬಾಗಿಲು ಆ ಎರಡು ಗಂಟೆ ತೆರೆದರೆ ಸಾಕು. ಇದಿಲ್ಲದ್ದಕ್ಕೇ ಎಷ್ಟೋ ಹುಡುಗಿಯರು ಆಟದಿಂದ ದೂರ ಉಳಿದದ್ದನ್ನು ನಾನು ಶಾಲೆಯಲ್ಲಿ ನೋಡಿದ್ದೇನೆ.

ಈ ಪತ್ರವನ್ನು ಓದುವ ಅಪ್ಪ ಅಮ್ಮಂದಿರಿಗೂ ಹುಡುಗ ಹುಡುಗಿಯರಿಗೂ ಒಂದಿಷ್ಟು ಮಾತು. ಮೊದಲ ವರ್ಷ ದುಬಾರಿ ಸೈಕಲ್ ಕೊಳ್ಳಬೇಡಿ. ಬಾಗಿದ ಹ್ಯಾಂಡಲ್ಲಿನ ರೇಸಿಂಗ್ ಸೈಕಲ್ಲಿಗೆ ಹತ್ತಾರು ಸಾವಿರ ಬೀಳುತ್ತದೆ. ಅದಿಲ್ಲದೆಯೂ ರೇಸಿಗೆ ಬರಬಹುದು, ಅದಕ್ಕೆಂದೇ ಸಾಮಾನ್ಯ ಸೈಕಲ್ಲಿನ ವಿಭಾಗ ಇಡುತ್ತೇವೆ. ಮನೆಯಲ್ಲಿರುವುದಕ್ಕೇ ಚೈನು ತೊಳೆದು ಎಣ್ಣೆ ಬಿಡಿ, ಬ್ರೇಕ್ ರಬ್ಬರು ಹೊಸದು ಹಾಕಿಸಿ, ಟೈರಿನ ಮಗ್ಗುಲಲ್ಲಿ ಅಚ್ಚಾದಷ್ಟು ಗಾಳಿ ಹೊಡೆಸಿ. ಸೀಟಿನ ಎತ್ತರ ಸರಿ ಮಾಡಿಕೊಳ್ಳಿ: ಪೆಡಲು ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಸೀಟು ತೀರಾ ಕೆಳಗಿಟ್ಟು ಮಂಡಿ ನೋವು ತಂದುಕೊಳ್ಳುತ್ತಾರೆ. ಗೇರಿದ್ದರೆ ಭಾರದ ಗೇರಿನಲ್ಲಿ ಕುಕ್ಕಿ ಕುಕ್ಕಿ ತುಳಿಯಬೇಡಿ, ಹಗುರ ಗೇರಿನಲ್ಲಿ ನಿಮಿಷಕ್ಕೆ ಎಂಬತ್ತು ತೊಂಬತ್ತು ಸುತ್ತು ತಿರುಗುವಂತೆ ಅಭ್ಯಾಸ ಮಾಡಿ.

ವಾರಕ್ಕೆ ಮೂರು ದಿನ ಸಾಕು. ಒಂದು ದಿನ ದೂರ, ಮಾತಾಡಿಕೊಂಡು ಹೋಗುವಷ್ಟು ನಿಧಾನ. ಒಂದು ದಿನ ಹತ್ತಿರದ ಏರಿನಲ್ಲಿ ನಾಲ್ಕೈದು ನಿಮಿಷ ಜೋರು, ಇಳಿದು ಬಂದು ಮತ್ತೆ ಜೋರು. ಒಂದು ದಿನ ಸುಮ್ಮನೆ ಕಾಲು ಸಡಿಲಿಸಲು. ಒಂದು ಗಂಟೆಗಿಂತ ಹೆಚ್ಚು ತುಳಿಯುವ ದಿನ ದಾರಿಯಲ್ಲಿ ತಿನ್ನಿ. ಗಂಟೆಗೆ ಒಂದೆರಡು ಬಾಳೆಹಣ್ಣೋ, ಬೆಲ್ಲ ಕಲಸಿದ ಅವಲಕ್ಕಿಯೋ ಆದೀತು, ಪೇಟೆಯ ಪೊಟ್ಟಣದ ಜೆಲ್ ಬೇಕಿಲ್ಲ. ತಿರುವಿನೊಳಗೆ ಬ್ರೇಕ್ ಒತ್ತಬೇಡಿ, ತಿರುವಿಗೆ ಮೊದಲೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ. ರಿಮ್ಮಿಗೆ ಹಿಡಿಯುವ ಬ್ರೇಕು ಒದ್ದೆಯಾದಾಗ ತಡವಾಗಿ ಕಚ್ಚುತ್ತದೆ, ಮಲೆನಾಡಿನವರು ಇದನ್ನು ಮರೆಯಲೇಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವೇಗದ ಅಭ್ಯಾಸ ಬಿಟ್ಟು ಮನೆಯಲ್ಲಿ ಬಸ್ಕಿ, ಸೂರ್ಯನಮಸ್ಕಾರ ಮಾಡಿ. ಜೋರಾಗಿ ಬೆಳೆದವರಿಗೆ ಮುಂದಿನ ದಾರಿಯೂ ಇದೆ: ಭಾರತೀಯ ಸೈಕ್ಲಿಂಗ್ ಫೆಡರೇಷನ್ನಿಗೆ ಸೇರಿದ ರಾಜ್ಯ ಸಂಸ್ಥೆಯ ಮೂಲಕ ರಾಜ್ಯ ಚಾಂಪಿಯನ್‌ಶಿಪ್, ಅಲ್ಲಿಂದ ರಾಷ್ಟ್ರೀಯ ಕೂಟ.

ಹೆಲ್ಮೆಟ್ ಇಲ್ಲದವರನ್ನು, ಅವರು ಎಷ್ಟೇ ದೊಡ್ಡವರಾಗಿರಲಿ, ಗೆರೆಯ ಹತ್ತಿರವೂ ಬಿಡುವುದಿಲ್ಲ. 2003ರಲ್ಲಿ ಪ್ಯಾರಿಸ್–ನೀಸ್ ರೇಸಿನಲ್ಲಿ ಕಜಕಸ್ತಾನದ ಆಂದ್ರೇ ಕಿವಿಲೆವ್ ಹೆಲ್ಮೆಟ್ ಇಲ್ಲದೆ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ ಮೇಲೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ವೃತ್ತಿಪರ ರೇಸುಗಳಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಿತು. ನಾವು ಒಂದು ಸಾವಿಗೆ ಕಾಯುವುದು ಬೇಡ. ಹೆಲ್ಮೆಟ್ ಕೊಳ್ಳಲಾಗದ ಮಕ್ಕಳಿಗೆ ಕೊಡಲು ಊರಿನ ಸವಾರರು ಒಂದಷ್ಟು ಹೊಂದಿಸಿ ಇಟ್ಟಿರುತ್ತಾರೆ. ರಸ್ತೆ ಬದಿಯ ಹಳ್ಳಿಗರಿಗೂ ಒಂದು ಮಾತು ತಿಳಿಸಬೇಕು: ಯಾರಾದರೂ ಬಿದ್ದರೆ ಎತ್ತಲು ಹೆದರಬೇಡಿ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ನೆರವಾದವರಿಗೆ ರಕ್ಷಣೆ ಕೊಡುತ್ತದೆ.

ನಮ್ಮ ಕಡೆಯಿಂದ ಬರುವುದು ಇಷ್ಟು: ಪ್ರತಿ ಅಡ್ಡರಸ್ತೆಗೂ ಬಾವುಟ ಹಿಡಿದ ಇಬ್ಬರು ಸ್ವಯಂಸೇವಕರು, ಹೊತ್ತು ಬರೆಯುವವರು, ನಂಬರಿನ ಚೀಟಿ, ನೀರು, ಪ್ರಥಮ ಚಿಕಿತ್ಸೆಗೆ ಒಬ್ಬ ವೈದ್ಯರು, ಪಂಕ್ಚರ್ ಹಾಕುವವರು, ಹದಿನೆಂಟು ತುಂಬದವರಿಗೆ ಪೋಷಕರ ಒಪ್ಪಿಗೆ ಪತ್ರ, ಮುಗಿದ ಮೇಲೆ ರಸ್ತೆ ಗುಡಿಸಿ ಕೊಡುವುದು. ಹೆಸರು ಕೊಡಲು ಮಕ್ಕಳಿಂದ ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ.

ನಿಮ್ಮಿಂದ ಈಗಲೇ ಬೇಕಾದ್ದು ಒಂದು ಸಭೆ. ಪೊಲೀಸ್, ಲೋಕೋಪಯೋಗಿ, ಅರಣ್ಯ, ಆರೋಗ್ಯ, ಕ್ರೀಡಾ ಇಲಾಖೆಗಳ ಒಬ್ಬೊಬ್ಬರು ಒಂದೇ ಮೇಜಿನ ಸುತ್ತ ಕೂತರೆ ಒಂದು ಗಂಟೆಯಲ್ಲಿ ಮುಗಿಯುವ ಕೆಲಸ. ಬೇರೆ ಬೇರೆ ಬಾಗಿಲುಗಳಿಗೆ ಅಲೆಸಿದರೆ ಒಂದು ವರ್ಷ ಹಿಡಿಯುತ್ತದೆ, ಅಷ್ಟರಲ್ಲಿ ಈ ವರ್ಷದ ಮಕ್ಕಳು ಶಾಲೆ ಬಿಟ್ಟಿರುತ್ತಾರೆ. ಸೆಪ್ಟೆಂಬರ್ ತಿಂಗಳಲ್ಲಿ ಆ ಸಭೆ ಕರೆಯಿರಿ. ಅದಾದ ಮೇಲೆ ಒಂದು ಬೆಳಗ್ಗೆ ರಸ್ತೆ ನೋಡಲು ಬನ್ನಿ. ಯಾವ ಹಂಪಿಗೆ ಬಣ್ಣ ಬೇಕು, ಎಲ್ಲಿ ತಿರುಗಬೇಕು, ಆಂಬುಲೆನ್ಸ್ ಎಲ್ಲಿ ನಿಲ್ಲಬೇಕು ಎಂದು ಅಲ್ಲೇ ಗುರುತು ಹಾಕೋಣ. ಅಕ್ಟೋಬರ್ ಕೊನೆಯ ಭಾನುವಾರಕ್ಕೆ ನಾವು ತಯಾರಿರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ರಿಪ್ಪನ್‌ಪೇಟೆ